ಕಾರ್ಖಾನೆಯ ತುರ್ತು ಪರಿಸ್ಥಿತಿ ಪ್ಲಾನಿಗೆ ಸಹಿ ಹಾಕಿ ಫಸ್ಟ್ ಏಡ್ ಬಾಕ್ಸ್ ರೆಡಿ ಇಟ್ಟರೆ ಕಂಪನಿ ನರ್ಸ್ ಕೆಲಸ ಮುಗೀತಾ?

ನಾನೂ ಹಾಗೇ ಸಹಿ ಹಾಕಿದ್ದೆ. ಒಬ್ಬರಿಗೆ ಬಿಪಿ ಪಟ್ಟಿ ಸುತ್ತಿ, ಗಾಳಿ ಇಳಿಯುವಷ್ಟರಲ್ಲಿ ಮೂರು ಪುಟ ತಿರುವಿ ಹಾಕಿದ ಸಹಿ ಅದು. ಸೇಫ್ಟಿಯವರು ಬರೆದ ಪ್ಲಾನ್, ನನಗೇನು ಗೊತ್ತು ಅಂದುಕೊಂಡಿದ್ದೆ.

ನಕ್ಷೆಯಲ್ಲಿ ಗಾಯಾಳುಗಳನ್ನು ವಿಂಗಡಿಸುವ ಜಾಗಕ್ಕೆ ಒಂದು ಹಸಿರು ಚೌಕ ಇತ್ತು. ಆಂಬುಲೆನ್ಸ್ ಗೇಟಿಗೆ ಹತ್ತಿರ, ಮೇಲೆ ಶೀಟು, ಪಕ್ಕದಲ್ಲೇ ನೀರು. ಚೆನ್ನಾಗೇ ಇದೆ ಅನ್ನಿಸಿತು. ಆದರೆ ಆ ನಕ್ಷೆಯಲ್ಲಿ ಏರುತಗ್ಗು ಕಾಣುತ್ತಿರಲಿಲ್ಲ. ಆ ಜಾಗ ಆರು ಮೆಟ್ಟಿಲು ಕೆಳಗಿತ್ತು. ದಿನಾ ಆ ಮೆಟ್ಟಿಲು ಇಳಿದೇ ಊಟಕ್ಕೆ ಹೋಗುತ್ತಿದ್ದೆ! ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ ಅಂತ ಟ್ರೈನಿಂಗಿನಲ್ಲಿ ಬೇರೆಯವರಿಗೆ ಹೇಳಿಕೊಟ್ಟವಳೂ ನಾನೇ. ಈ ಎರಡೂ ನನ್ನ ತಲೆಯಲ್ಲೇ ಇದ್ದವು, ಒಂದಕ್ಕೊಂದು ಸೇರಲೇ ಇಲ್ಲ.

ನೀರು ಶುದ್ಧೀಕರಿಸುವ ಕಡೆ ಕ್ಲೋರಿನ್ ಸಿಲಿಂಡರಿನ ವಾಲ್ವ್ ಸೋರಿದ ದಿನ, ಕೆಮ್ಮುತ್ತಿದ್ದ ಹನ್ನೊಂದು ಜನರನ್ನು ಪ್ಲಾನ್ ಪ್ರಕಾರ ಅಲ್ಲಿಗೇ ಇಳಿಸಿದೆ. "ಸಿಸ್ಟರ್, ಇಲ್ಲೇ ಜಾಸ್ತಿ ಉರೀತಿದೆ" ಅಂದ ಒಬ್ಬ. ತಲೆ ಎತ್ತಿ ನೋಡಿದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ನಮ್ಮ ಕಡೆಗೇ ಹಾರುತ್ತಿತ್ತು. ಎಲ್ಲರನ್ನೂ ಮತ್ತೆ ಮೇಲಕ್ಕೆ ಹತ್ತಿಸಬೇಕಾಯಿತು. ಆಸ್ತಮಾ ಇದ್ದ ಹುಡುಗ ಐದು ದಿನ ಐಸಿಯುನಲ್ಲಿದ್ದ. ಅವನಿಗೆ ಆಸ್ತಮಾ ಇರೋದು ಇಡೀ ಕಾರ್ಖಾನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಹಾಗಾಗಿ ಬಾಕ್ಸ್ ವಿಚಾರ ಬಿಡಿ, ಅದನ್ನು ಯಾರು ಬೇಕಾದರೂ ತುಂಬಿಸಿಡುತ್ತಾರೆ. ಯಾರಿಗೆ ಉಸಿರಿನ ತೊಂದರೆ, ಯಾರು ಇನ್ಸುಲಿನ್ ತಗೋತಾರೆ, ಯಾರು ಬಸುರಿ ಅನ್ನೋದು ನಿಮ್ಮ ಫೈಲಿನಲ್ಲಿದೆ, ಸೇಫ್ಟಿಯವರ ಹತ್ತಿರ ಇಲ್ಲ. ಪ್ಲಾನ್ ಬರೆಯುವಾಗಲೇ ನೀವು ಕೂರಬೇಕು. ಹಾಗಂತ ಕಾಯಿಲೆಯ ಹೆಸರು ಮೀಟಿಂಗಿನಲ್ಲಿ ಹೇಳಬೇಡಿ. "ಈ ಶಿಫ್ಟಿನಲ್ಲಿ ಒಬ್ಬರನ್ನು ಕೆಳಗಿಳಿಸಲು ಇಬ್ಬರು ಬೇಕು" ಅಂದರೆ ಸಾಕು. ಗ್ಯಾಸ್ ಕುಡಿದವರು "ಈಗ ಸರಿಹೋಯ್ತು" ಅಂದರೂ ಸುಮ್ನೆ ಮನೆಗೆ ಕಳಿಸಬೇಡಿ. ಶ್ವಾಸಕೋಶದಲ್ಲಿ ನೀರು ತುಂಬೋದು ಎಷ್ಟೋ ಗಂಟೆಗಳ ನಂತರವೂ ಆಗಬಹುದು. ಅಂದಹಾಗೆ, ರಾತ್ರಿ ಪಾಳಿಯಲ್ಲಿ ನೀವಿರೋದಿಲ್ಲ ಅಲ್ವಾ? ಆಗ ಈ ಕೆಲಸ ಯಾರದು ಅಂತ ಪ್ಲಾನಿನಲ್ಲಿ ಬರೆಸಿ.

ಸಹಿಗೆ ಮುಂಚೆ ನಕ್ಷೆ ಹಿಡಿದು ಒಮ್ಮೆ ನಡೆಯಿರಿ. ಸ್ಟ್ರೆಚರ್ ಮೇಲೆ ಯಾರನ್ನಾದರೂ ಮಲಗಿಸಿಕೊಂಡೇ ಹೋಗಿ. ನಮ್ಮಲ್ಲಿ ಆಮೇಲೆ ಹಾಗೆ ಮಾಡಿದಾಗ, ಕ್ಲಿನಿಕ್ಕಿನ ಬಾಗಿಲಲ್ಲೇ ಸ್ಟ್ರೆಚರ್ ತಿರುಗಲಿಲ್ಲ.