ಬಲೂನ್ ಫೋಟೋ ಬೇಕಾದರೆ ಬಲೂನ್ ಹತ್ತಬೇಡಿ

ನಿಮ್ಮ ಪ್ರಶ್ನೆ ಇಷ್ಟು ಅಂದುಕೊಂಡಿದ್ದೇನೆ: ಪುಣೆಯಲ್ಲಿದ್ದೀರಿ, ಡಿಸೆಂಬರಿನಲ್ಲಿ ಹೆಂಡತಿಯ ಹುಟ್ಟುಹಬ್ಬಕ್ಕೆ ಲೋನಾವಳಾ ಕಡೆ ಬಿಸಿಗಾಳಿ ಬಲೂನ್ ಹತ್ತಬೇಕು. ಹೊಸ ಕ್ಯಾಮೆರಾದ ಜೊತೆ ಕಿಟ್ ಲೆನ್ಸ್ ಮಾತ್ರ ಇದೆ. ಮೇಲಿಂದ ಫೋಟೋ ತೆಗೆಯಲು ಜೂಮ್ ಬಾಡಿಗೆಗೆ ತರಬೇಕಾ? ಎತ್ತರದ ಭಯ ಇರುವವರು ಹತ್ತಬಹುದಾ?

ಜೂಮ್ ತನ್ನಿ. ಆದರೆ ಅದನ್ನು ಹಿಡಿದುಕೊಂಡು ನೀವು ಕೆಳಗೇ ಇರಿ, ಅವರನ್ನು ಮೇಲೆ ಕಳಿಸಿ. ಹುಟ್ಟುಹಬ್ಬ ಅವರದ್ದು ತಾನೇ!

ತಮಾಷೆ ಅಲ್ಲ. ಬುಟ್ಟಿಯೊಳಗೆ ನಿಂತವರಿಗೆ ಎಲ್ಲ ಕಾಣುತ್ತದೆ, ಬಲೂನ್ ಒಂದು ಬಿಟ್ಟು. ಪಕ್ಕದಲ್ಲಿ ಇನ್ನೊಂದು ಬಲೂನ್ ಹಾರುತ್ತಿದ್ದರೆ ಸರಿ. ಟರ್ಕಿಯ ಕಪಡೋಕಿಯಾದಲ್ಲಿ, ತಮಿಳುನಾಡಿನ ಪೊಳ್ಳಾಚಿಯ ಬಲೂನ್ ಉತ್ಸವದಲ್ಲಿ ಹಾಗೆ ಸಿಗುತ್ತದೆ. ಲೋನಾವಳಾ ಪಕ್ಕದ ಕಾಮಶೇತ್ ಕಡೆ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ ಅಷ್ಟೆ. ಆಗ ಮೇಲಿಂದ ಬರುವುದು ಗದ್ದೆಯ ಫೋಟೋ, ಕೆರೆಯ ಫೋಟೋ. ಚೆನ್ನಾಗಿಯೇ ಇರುತ್ತವೆ, ಆದರೆ ಅವು ಬಲೂನಿನ ಫೋಟೋ ಅಲ್ಲ.

ನಾನು ಮುಂಬೈಯವನು, ಮುಲುಂಡಿನಲ್ಲಿ ಮನೆ. ಎರಡೂ ಮಾಡಿ ನೋಡಿದ್ದೇನೆ. ಮೇಲೆ ಹೋದಾಗ ಸುಖ ಜಾಸ್ತಿ, ಕೆಳಗಿದ್ದಾಗ ಫೋಟೋ ಜಾಸ್ತಿ.

ಬೆಳಗ್ಗೆ ಕತ್ತಲಿರುವಾಗಲೇ ಕರೆಯುತ್ತಾರೆ. ಗೊಣಗಬೇಡಿ, ಅದಕ್ಕೆ ಕಾರಣವಿದೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಅದನ್ನೇ 100 ಡಿಗ್ರಿಗೆ ಕಾಯಿಸಿದರೆ 0.95 ಕಿಲೋ ಆಸುಪಾಸು. ಅಂದರೆ ಒಂದು ಘನ ಮೀಟರ್ ಗಾಳಿ ಎತ್ತುವುದು ಕಾಲು ಕಿಲೋ ಮಾತ್ರ. ಬುಟ್ಟಿ, ಗ್ಯಾಸ್ ಸಿಲಿಂಡರ್, ಜನ ಎಲ್ಲ ಸೇರಿಸಿ ಎತ್ತಬೇಕಲ್ಲ, ಅದಕ್ಕೇ ಬಲೂನ್ ಅಷ್ಟು ದೊಡ್ಡದು. ಹೊರಗೆ ಚಳಿ ಇದ್ದಷ್ಟೂ ಕೆಲಸ ಸುಲಭ. ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಮೇಲೆ ಕೆಳಗೆ ಹೊಯ್ದಾಡುತ್ತದೆ, ಆಗ ಹಾರಿಸುವುದು ಅಪಾಯ. ಫೋಟೋದವರಿಗೂ ಬೇಕಾದ ಬೆಳಕು ಆ ಹೊತ್ತಿನದ್ದೇ.

ಕೆಳಗಿನ ಕೆಲಸ ಬಲೂನ್ ಏಳುವ ಮೊದಲೇ ಶುರುವಾಗುತ್ತದೆ. ಪೈಲಟ್ ಮೊದಲು ಒಂದು ಪುಟ್ಟ ಹೀಲಿಯಂ ಬಲೂನ್ ಬಿಟ್ಟು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುತ್ತಾರೆ. ಅದನ್ನು ನೀವೂ ಗಮನಿಸಿ, ಯಾವ ಕಡೆ ಓಡಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ನೈಲಾನ್ ಬಟ್ಟೆಯನ್ನು ನೆಲದ ಮೇಲೆ ಹಾಸಿ, ದೊಡ್ಡ ಫ್ಯಾನಿನಿಂದ ತಣ್ಣನೆ ಗಾಳಿ ತುಂಬುತ್ತಾರೆ. ಅರ್ಧ ಉಬ್ಬಿದಾಗ ಬಾಯಿಯ ಹತ್ತಿರ ನಿಲ್ಲಲು ಅನುಮತಿ ಕೇಳಿ. ಕಿಟ್ ಲೆನ್ಸಿನ 16 ಅಥವಾ 18 ಎಂಎಂ ತುದಿ ಇಲ್ಲಿಗೆ ಸಾಕು. ಬಟ್ಟೆ ತುಳಿಯಬೇಡಿ, ಬೈಸಿಕೊಳ್ಳುತ್ತೀರಿ.

ಬರ್ನರ್ ಹಚ್ಚುವ ಕ್ಷಣ ನಿಮಗೆ ಬೇಕಾದದ್ದು. ಪ್ರೊಪೇನ್ ಉರಿ ಭುಗಿಲೆದ್ದಾಗ ಇಡೀ ಬಟ್ಟೆ ಒಳಗಿನಿಂದ ಬೆಳಗುತ್ತದೆ. ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ಕತ್ತಲು ನೋಡಿ ಗಾಬರಿಯಾಗಿ ಬೆಳಕು ಜಾಸ್ತಿ ಮಾಡುತ್ತದೆ, ಬಟ್ಟೆಯ ಬಣ್ಣ ಬಿಳಿಚಿ ಹೋಗುತ್ತದೆ. ಮ್ಯಾನುಯಲ್‌ನಲ್ಲಿ ಇಡಿ. ಐಎಸ್ಒ 1600, ಅಪರ್ಚರ್ ಪೂರ್ತಿ ತೆರೆದು, ಶಟರ್ 1/100 ಸುತ್ತ ಶುರುಮಾಡಿ, ಒಂದೆರಡು ತೆಗೆದು ನೋಡಿ ಬದಲಿಸಿ. ಬಟ್ಟೆಯ ಬಣ್ಣ ಸರಿ ಬಂದರೆ ಸಾಕು, ಉರಿ ಬೆಳ್ಳಗಾದರೆ ಆಗಲಿ. ಉರಿ ಬರುವುದು ಕೆಲವೇ ಸೆಕೆಂಡು. ಹಾಗಾಗಿ ಒಂದೇ ಸಮನೆ ಹಲವು ಫೋಟೋ ತೆಗೆಯುವ ಬರ್ಸ್ಟ್‌ನಲ್ಲಿಟ್ಟು ಕಾಯುತ್ತಿರಿ. ರಾ ಫೈಲ್, ಅಂದರೆ ಆಮೇಲೆ ಬೆಳಕು, ಬಣ್ಣ ತಿದ್ದಲು ಬರುವ ಮೂಲ ಫೈಲ್, ಇರಲೇಬೇಕು.

ಮೇಲೆದ್ದ ಮೇಲೆ ಜೂಮ್. ಅಲ್ಲಿನ ಗುಡ್ಡಗಳು, ದೂರದ ಲೋಹಗಡ, ವಿಸಾಪುರ ಕೋಟೆಗಳು ಬಲೂನಿನ ಹಿಂದೆ ಬರಬೇಕಾದರೆ 200 ಎಂಎಂ ಹತ್ತಿರ ಬೇಕು. ಬರೀ ಆಕಾಶದಲ್ಲಿ ಬಲೂನ್ ತೆಗೆದರೆ ಎಲ್ಲಿಯದೋ ಏನೋ, ಯಾರೂ ಕೇಳುವುದಿಲ್ಲ. ಗದ್ದೆಯ ಬದುವಿನಲ್ಲಿ ನಿಂತ ಎಮ್ಮೆ, ಹಲ್ಲುಜ್ಜುತ್ತಾ ತಲೆಯೆತ್ತಿದ ಅಜ್ಜ, ಇಂಥವರನ್ನು ಚೌಕಟ್ಟಿನೊಳಗೆ ಸೇರಿಸಿ.

ಬಲೂನಿಗೆ ಸ್ಟಿಯರಿಂಗ್ ಇಲ್ಲ. ಪೈಲಟ್ ಕೈಯಲ್ಲಿರುವುದು ಏರುವುದು, ಇಳಿಯುವುದು ಮಾತ್ರ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ, ಅದನ್ನೇ ಹುಡುಕಿ ಹಿಡಿಯುತ್ತಾರೆ. ಹಾಗಾಗಿ ಕೆಳಗೆ ಒಂದು ಜೀಪು ಹಿಂದೆಯೇ ಓಡುತ್ತಿರುತ್ತದೆ. ನಾನು ಹೋದ ಜೀಪಿನ ಡ್ರೈವರ್ ವಿಜಯಪುರ ಕಡೆಯವರು. ನನ್ನ ಫೋನಿನ ಕನ್ನಡ ಕೇಳಿ ತಿರುಗಿ ನೋಡಿದರು. "ಎಲ್ಲಿ ಇಳೀತದ ಅಣ್ಣಾ?" ಅಂತ ಕೇಳಿದೆ. "ಅದು ಗಾಳಿಗೇ ಗೊತ್ತಿಲ್ರೀ ಸರ, ನನಗೇನು ಕೇಳ್ತೀರಿ" ಅಂದರು. ಕೊನೆಗೆ ಇಳಿದದ್ದು ಕೊಯ್ಲಾದ ಗದ್ದೆಯಲ್ಲಿ. ನಾವು ತಲುಪುವ ಮೊದಲೇ ಅರ್ಧ ಊರಿನ ಮಕ್ಕಳು "ಫುಗಾ ಆಲಾ, ಫುಗಾ ಆಲಾ" (ಮರಾಠಿಯಲ್ಲಿ ಬಲೂನ್ ಬಂತು) ಅಂತ ಕೂಗುತ್ತಾ ಸೇರಿದ್ದರು. ನನ್ನ ಹತ್ತಿರ ಇರುವ ಬಲೂನ್ ಫೋಟೋಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಲ್ಲಿಯದು. ಅದರಲ್ಲಿ ಬಲೂನ್ ಕಾಣುವುದೇ ಮೂಲೆಯಲ್ಲಿ, ಮಿಕ್ಕದ್ದೆಲ್ಲ ಓಡುವ ಕಾಲುಗಳು.

ಎತ್ತರದ ಭಯದ ಬಗ್ಗೆ. ನನಗೂ ಮಹಡಿಯ ಅಂಚಿನಲ್ಲಿ ನಿಂತರೆ ಕಾಲು ನಡುಗುತ್ತದೆ, ಬಲೂನಿನಲ್ಲಿ ಆಗಲಿಲ್ಲ. ನೆಲಕ್ಕೂ ನಮಗೂ ನಡುವೆ ಗೋಡೆಯೋ ಕಂಬವೋ ಇಲ್ಲದ್ದರಿಂದ ಇರಬೇಕು. ಗಾಳಿಯ ಜೊತೆಗೇ ಸಾಗುವುದರಿಂದ ಮುಖಕ್ಕೆ ಗಾಳಿ ಬಡಿಯುವುದೂ ಇಲ್ಲ. ತಲೆಯ ಮೇಲೆ ಬರ್ನರ್ ಕಾವು ಮಾತ್ರ ಜೋರು, ಟೋಪಿ ಇರಲಿ. ಮುಂಬೈಯಿಂದ 2005ರ ನವೆಂಬರ್ 26ರಂದು ಬಿಸಿಗಾಳಿ ಬಲೂನಿನಲ್ಲಿ ಹಾರಿದ ಉದ್ಯಮಿ ವಿಜಯಪತ್ ಸಿಂಘಾನಿಯಾ 21,027 ಮೀಟರ್ ಏರಿ ವಿಶ್ವದಾಖಲೆ ಮಾಡಿದರು, ಅದೂ 67ನೇ ವಯಸ್ಸಿನಲ್ಲಿ. ಅವರಿಗೆ ಮುಚ್ಚಿದ ಕ್ಯಾಬಿನ್ ಇತ್ತು. ನಮ್ಮನ್ನು ಕರೆದೊಯ್ಯುವುದು ಕೆಲವು ನೂರು ಮೀಟರ್ ಅಷ್ಟೆ, ಹೆದರಬೇಡಿ.

ಇಷ್ಟೆಲ್ಲ ಕೇಳಿದ ಮೇಲೂ ಹತ್ತುತ್ತೇನೆ ಅಂದರೆ ಜೂಮ್ ಬೇಡ, ಕಿಟ್ ಲೆನ್ಸೇ ಸಾಕು. ಬುಟ್ಟಿಯಲ್ಲಿ ಲೆನ್ಸ್ ಬದಲಿಸುವಷ್ಟು ಜಾಗ ಇರುವುದಿಲ್ಲ. ಪಟ್ಟಿ ಕೊರಳಲ್ಲಿರಲಿ, ಫೋನಿಗೂ ಒಂದು ದಾರ ಕಟ್ಟಿ. ಸೂರ್ಯನಿಗೆ ಬೆನ್ನು ಮಾಡಿದರೆ ನಿಮ್ಮದೇ ಬಲೂನಿನ ನೆರಳು ಗದ್ದೆಯ ಮೇಲೆ ಸಾಗುವುದು ಕಾಣುತ್ತದೆ, ಅದನ್ನು ಬಿಡಬೇಡಿ. ಇಳಿಯುವಾಗ ಕ್ಯಾಮೆರಾ ಚೀಲದೊಳಗೆ. ಮೊಣಕಾಲು ಮಡಚಿ, ಹಿಡಿಕೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬುಟ್ಟಿ ಒಂದೆರಡು ಸಲ ಕುಪ್ಪಳಿಸಬಹುದು, ವಾಲಿ ಬೀಳಲೂಬಹುದು. ಮಂಡಿನೋವು ಇರುವ ಅತ್ತೆ ಮಾವನನ್ನು ಹತ್ತಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ದುಡ್ಡು ಕಟ್ಟುವ ಮೊದಲು ಕೇಳಿಕೊಳ್ಳಿ: ಈ ಸೀಸನ್‌ನಲ್ಲಿ ನಿಜವಾಗಿಯೂ ಹಾರಿಸುತ್ತಿದ್ದಾರಾ? ಪೈಲಟ್‌ಗೆ ಡಿಜಿಸಿಎ (ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಲೈಸೆನ್ಸ್ ಇದೆಯಾ? ಇದು ಸ್ವತಂತ್ರ ಹಾರಾಟವೋ, ಹಗ್ಗ ಕಟ್ಟಿ ಏರಿಸಿ ಇಳಿಸುವುದೋ? ಎರಡಕ್ಕೂ ಜಾಹೀರಾತಿನಲ್ಲಿ ಒಂದೇ ಫೋಟೋ ಹಾಕಿರುತ್ತಾರೆ. ಗಾಳಿ ಜೋರಿದ್ದರೆ, ಮಂಜು ದಟ್ಟವಾಗಿದ್ದರೆ ರದ್ದಾಗುತ್ತದೆ, ಆಗ ಹಣ ವಾಪಸ್ ಕೊಡುತ್ತಾರಾ, ಮರುದಿನ ಹಾರಿಸುತ್ತಾರಾ? ಮರುದಿನವೂ ಖಾಲಿ ಇಟ್ಟುಕೊಳ್ಳಿ. ಜೀಪಿನಲ್ಲಿ ನಿಮಗೊಂದು ಸೀಟು ಕೊಡುತ್ತಾರಾ ಅಂತಲೂ ಕೇಳಿ. ಇಲ್ಲ ಅಂದರೆ ನಿಮ್ಮ ಬೈಕಿನಲ್ಲೇ ಹಿಂಬಾಲಿಸಬಹುದು, ಆದರೆ ಹಿಂದಿನ ದಿನವೇ ಟ್ಯಾಂಕ್ ತುಂಬಿಸಿಕೊಳ್ಳಿ. ಆ ಹಳ್ಳಿ ರಸ್ತೆಗಳಲ್ಲಿ ಬೆಳಗಿನ ಜಾವ ಪೆಟ್ರೋಲ್ ಹುಡುಕುವುದು ಕಷ್ಟ.