ಫ್ಲ್ಯಾನನ್ ದೀಪಸ್ತಂಭ: ಅರ್ಧ ತಿಂದ ಊಟದ ಕಥೆ ನಿಜವಾ?

ಸ್ಕಾಟ್ಲೆಂಡಿನ ಫ್ಲ್ಯಾನನ್ ದ್ವೀಪದ ದೀಪಸ್ತಂಭದಲ್ಲಿ ಮೂವರು ಕಾವಲುಗಾರರು ಊಟ ಅರ್ಧಕ್ಕೆ ಬಿಟ್ಟು ಮಾಯವಾದರಂತೆ, ಅದು ದೆವ್ವದ ಕಾಟವೇ ಅಂತ ಕೇಳಿದ್ದೀರಿ. ಮಾಯವಾಗಿದ್ದು ನಿಜ, 1900ರ ಡಿಸೆಂಬರ್‌ನಲ್ಲಿ. ಅರ್ಧ ತಿಂದ ಊಟ ಮಾತ್ರ ಕಟ್ಟುಕಥೆ. ಅದು ಹಬ್ಬಿದ್ದು 1912ರ ಒಂದು ಇಂಗ್ಲಿಷ್ ಕವಿತೆಯಿಂದ. ಡಿಸೆಂಬರ್ 26ರಂದು ಮೊದಲು ಒಳಗೆ ಹೋದ ಸಹಾಯಕ ಕಾವಲುಗಾರ ಬರೆದಿದ್ದೇ ಬೇರೆ: ಅಡುಗೆಮನೆಯ ಪಾತ್ರೆಗಳೆಲ್ಲ ತೊಳೆದು ಸ್ವಚ್ಛವಾಗಿದ್ದವು. ದೀಪವನ್ನೂ ಒರೆಸಿ, ಎಣ್ಣೆ ತುಂಬಿಸಿ ಇಟ್ಟಿದ್ದರು.

ನನ್ನನ್ನು ಜಾಸ್ತಿ ಕಾಡುವುದು ಒಳಗೇ ಉಳಿದಿದ್ದ ಒಂದು ಮಳೆಕೋಟು. ಮಾಯವಾದ ಮೂವರಲ್ಲಿ ಒಬ್ಬರಾದ ಡೊನಾಲ್ಡ್ ಮೆಕಾರ್ಥರ್ ಅವರದು. ಅಂಥ ಚಳಿಗಾಲದಲ್ಲಿ ಕೋಟಿಲ್ಲದೆ ಹೊರಗೆ ಹೋಗಿದ್ದಾರೆ ಅಂದರೆ ಏನೋ ಅವಸರ ಇತ್ತು, ಅಲ್ವಾ? ಪಶ್ಚಿಮದ ದಡದಲ್ಲಿ, ಸಮುದ್ರದಿಂದ ಸುಮಾರು 33 ಮೀಟರ್ ಎತ್ತರದಲ್ಲಿದ್ದ, ಹಗ್ಗಗಳನ್ನು ಇಡುವ ಪೆಟ್ಟಿಗೆಯೇ ಕಿತ್ತುಹೋಗಿತ್ತು. ಹಗ್ಗಗಳು ಚೆಲ್ಲಾಪಿಲ್ಲಿಯಾಗಿದ್ದವು. ಆ ಪೆಟ್ಟಿಗೆಯನ್ನು ಭದ್ರ ಮಾಡಲು ಹೋದವರನ್ನು ದೊಡ್ಡ ಅಲೆ ಎಳೆದೊಯ್ದಿರಬೇಕು ಎಂದು ತನಿಖೆ ನಡೆಸಿದ ಅಧಿಕಾರಿ ಬರೆದರು. ನನಗೂ ಅದೇ ಸರಿ ಅನಿಸುತ್ತದೆ. ಕೆಲಸ ಮಾಡುತ್ತಲೇ ಸತ್ತವರನ್ನು ಸುಮ್ನೆ ದೆವ್ವದ ಕಥೆಗೆ ಎಳೆದಿದ್ದು ಬೇಸರದ ವಿಷಯ. ಮೂವರ ದೇಹವೂ ಸಿಗಲೇ ಇಲ್ಲ, ಕಥೆಗಳು ಬೆಳೆದಿದ್ದು ಅದರಿಂದಲೇ.