ಫೋನು ನಿಮ್ಮದು, ಬೀಗದ ಕೈ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ನಮ್ಮ ಸಾಮಾನಿಗೆ ಕಂಪನಿಯವರು ನಮ್ಮನ್ನೇ ಕೇಳದೆ ಏನೇನೋ ಮಾಡ್ತಾರೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗ ಕೊಡಿಸಿದ ಫೋನು, ಎರಡು ವರ್ಷ ಆಯ್ತು. ಹೋದ ತಿಂಗಳು ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ. ಬೆಳಗ್ಗೆ ನೋಡಿದರೆ ತಾನೇ ಅಪ್‌ಡೇಟ್ ಆಗಿದೆ. ಲಾಕ್ ಸ್ಕ್ರೀನ್ ಮೇಲೆ ಜಾಹೀರಾತು. ನಾನು ಹಾಕದ ಎರಡು ಗೇಮು, ಸಾಲ ಕೊಡುವ ಒಂದು ಆ್ಯಪು ಬಂದು ಕೂತಿವೆ. ಒಂದನ್ನಂತೂ ತೆಗೆಯೋಕೇ ಆಗ್ತಿಲ್ಲ. ದುಡ್ಡು ಕೊಟ್ಟಿದ್ದು ನಾವು, ಫೋನು ಯಾರದ್ದು ಸ್ವಾಮಿ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಫೋನು ನಿಮ್ಮದೇ. ಆದರೆ ಅದರೊಳಗೆ ನೀವು ಗೇಣಿದಾರರ ಥರ ಇದ್ದೀರಿ.

ಮೊನ್ನೆ ನನ್ನ ಅಂಗಡಿಗೂ ಇಂಥದ್ದೇ ಫೋನು ಹಿಡಿದು ಒಬ್ಬರು ಬಂದಿದ್ದರು. ಅಡಿಕೆ ಸುಲಿದು ಸುಲಿದು ಬೆರಳೆಲ್ಲ ಕಪ್ಪು. ಫಿಂಗರ್‌ಪ್ರಿಂಟ್ ತಗೊಳ್ಳಲೇ ಇಲ್ಲ, ಮೂರು ಸಲ ಒರೆಸಿಕೊಂಡು ಕೊನೆಗೆ ನಂಬರ್ ಒತ್ತಿದರು. ಆ್ಯಪುಗಳ ಪಟ್ಟಿ ತೆಗೆದು ಇಬ್ಬರೂ ಎಣಿಸಿದೆವು. ಅವರು ತಾವಾಗಿ ಹಾಕಿಕೊಂಡಿದ್ದು ಏಳೇ ಏಳು. ಪಟ್ಟಿ ಮಾತ್ರ ಬೆರಳಿನಿಂದ ತಳ್ಳಿದಷ್ಟೂ ಮುಗಿಯುತ್ತಿರಲಿಲ್ಲ.

ಫೋನಿನ ಜಾಗದಲ್ಲಿ ಎರಡು ಭಾಗ ಇರುತ್ತವೆ. ಒಂದರಲ್ಲಿ ನಿಮ್ಮ ಫೋಟೋ, ನೀವು ಹಾಕಿದ ಆ್ಯಪು. ಇನ್ನೊಂದು ಸಿಸ್ಟಮ್ಮಿನದು. ಅಲ್ಲಿಗೆ ಬರೆಯುವ ಹಕ್ಕು ಕಂಪನಿಗೆ ಮಾತ್ರ. ಆ ಭಾಗದಲ್ಲಿ ಕೂತ ಆ್ಯಪಿಗೆ ಅನ್‌ಇನ್‌ಸ್ಟಾಲ್ ಗುಂಡಿಯೇ ಇರುವುದಿಲ್ಲ. ಇಂಥ ಆ್ಯಪಿನವರು ಫೋನ್ ಕಂಪನಿಗೆ ದುಡ್ಡು ಕೊಟ್ಟು ಜಾಗ ಹಿಡಿದಿರುತ್ತಾರೆ. ಫೋನು ಅಗ್ಗಕ್ಕೆ ಸಿಗೋದಕ್ಕೆ ಅದೂ ಒಂದು ಕಾರಣ.

ನಿಮ್ಮ ಎರಡು ಗೇಮು ಬಹುಶಃ ಆ ಜಾತಿಯವಲ್ಲ. ಕಂಪನಿಯದೇ ಆದ ಆ್ಯಪ್ ಅಂಗಡಿ ಒಂದು ಫೋನಿನಲ್ಲಿ ಇರುತ್ತೆ ನೋಡಿ, ಅದು ಅಪ್‌ಡೇಟ್ ಆದ ಮೇಲೆ ಸದ್ದಿಲ್ಲದೆ ಇಳಿಸಿಕೊಂಡಿರುತ್ತದೆ. ಅವನ್ನು ಮಾಮೂಲಿಯಾಗಿ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ಅಂಗಡಿ ಆ್ಯಪಿನ ನೋಟಿಫಿಕೇಶನ್ ಬಂದ್ ಮಾಡಿ, ಬೇರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ ಕೇಳುವಂತಿದ್ದರೆ ಅದನ್ನೂ ಕಿತ್ತುಹಾಕಿ. ಹೋಗದೇ ಇರುವ ಆ್ಯಪಿಗೆ ಸಾಮಾನ್ಯವಾಗಿ 'ನಿಷ್ಕ್ರಿಯಗೊಳಿಸಿ' ಅಂತ ಇರುತ್ತದೆ. ಒತ್ತಿ. ಜಾಗ ಬಿಡೋಲ್ಲ, ಆದರೆ ಸುಮ್ನೆ ಬಿದ್ದಿರುತ್ತೆ. ಲಾಕ್ ಸ್ಕ್ರೀನ್ ಜಾಹೀರಾತಿನ ಗುಂಡಿ ವಾಲ್‌ಪೇಪರ್ ಅಥವಾ ಲಾಕ್ ಸ್ಕ್ರೀನ್ ಸೆಟ್ಟಿಂಗಿನ ಒಳಗೆ ಎಲ್ಲೋ ಮೂಲೆಯಲ್ಲಿರುತ್ತದೆ. ಆನ್ ಮಾಡೋಕೆ ಒಂದು ಒತ್ತು, ಆಫ್ ಮಾಡೋಕೆ ಐದು ಒತ್ತು. ಬೇಕಂತಲೇ ಹಾಗಿಟ್ಟಿರುತ್ತಾರೆ.

ಸಿಟ್ಟಿನಲ್ಲಿ ಅಪ್‌ಡೇಟನ್ನೇ ನಿಲ್ಲಿಸಬೇಡಿ. ಅಡಿಕೆ ದುಡ್ಡು ಬರೋದು ಅದೇ ಫೋನಿನ ಯುಪಿಐಗೆ ತಾನೆ? ಕಳ್ಳರು ನುಗ್ಗುವ ಕಿಂಡಿ ಮುಚ್ಚುವುದೂ ಅದೇ ಅಪ್‌ಡೇಟು. ಇಲ್ಲೇ ಇರೋದು ತೊಂದರೆ. ಔಷಧಿ, ಜಾಹೀರಾತು ಎರಡನ್ನೂ ಒಂದೇ ಲೋಟದಲ್ಲಿ ಕೊಡ್ತಾರೆ.

ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ಇಳಿಸಿದ್ದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಹಾಗೆ ಮಾಡಿದೆವು ಅಂದರು. ಕಾರಣ ಸುಳ್ಳಲ್ಲ. ಆದರೆ ಗ್ರಾಹಕರಿಗೆ ಹೇಳಿರಲಿಲ್ಲ. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತಿದ್ದ ಫೋನನ್ನು ಎಷ್ಟೋ ಜನ ಮುದಿಯಾಯ್ತು ಅಂತ ಬಿಸಾಕಿ ಹೊಸದು ತಗೊಂಡರು. ಹೇಳದೇ ಇದ್ದದ್ದಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರಲ್ಲ, ಅಲ್ಲೂ ಜಗಳ ಹತ್ತಿದ್ದು ಭತ್ತ ಅಳೆಯುವ ಕೊಳಗದ ಮೇಲೆಯೇ. ಅಳತೆ ಜಮೀನಿನ ಒಡೆಯರ ಕೈಯಲ್ಲಿದ್ದರೆ ಉಳಿದ ಲೆಕ್ಕ ಕೇಳೋದೇ ಬೇಡ.

ಪ್ರಶ್ನೆ: ಅಣ್ಣಾ, ಕಂತಿನ ಮೇಲೆ ಫೋನ್ ತಗೊಂಡಿದ್ದೆ. ಒಂದು ಕಂತು ನಾಲ್ಕು ದಿನ ತಡವಾಯ್ತು. ಫೋನು ಪೂರ್ತಿ ಲಾಕ್. ದುಡ್ಡು ಕಟ್ಟಿ ಎರಡು ದಿನ ಆದರೂ ತೆಗೆದಿಲ್ಲ. ಯೂಟ್ಯೂಬಲ್ಲಿ ನೋಡಿ ರೀಸೆಟ್ ಹೊಡೆದೆ, ಮತ್ತೆ ಲಾಕ್ ಬಂತು. ಏನು ಮಾಡಲಿ?
(ಶಿಕಾರಿಪುರದಿಂದ ಒಬ್ಬ ಓದುಗ)

ಉತ್ತರ: ಮೊದಲು ಯೂಟ್ಯೂಬ್ ಬಿಡು ತಮ್ಮಾ. ಅನ್‌ಲಾಕ್ ಮಾಡಿಕೊಡ್ತೀವಿ ಅನ್ನೋರಿಗೆ ಫೋನು ಕೊಟ್ಟರೆ ಬ್ಯಾಂಕ್ ಖಾತೆಯನ್ನೂ ಕೈಗಿಟ್ಟ ಹಾಗೆ.

ಆಗಿರೋದು ಇಷ್ಟು. ಫೋನ್ ಕೊಡುವಾಗ ಅಂಗಡಿಯವರು ಅದರಲ್ಲಿ ಒಂದು ಆ್ಯಪನ್ನು ಫೋನಿನ ಯಜಮಾನ ಅಂತ ನೋಂದಾಯಿಸಿರುತ್ತಾರೆ. ಆಂಡ್ರಾಯ್ಡಿನ ಈ ಸೌಕರ್ಯ ಮೂಲದಲ್ಲಿ ಆಫೀಸುಗಳಿಗೆ ಅಂತ ಮಾಡಿದ್ದು, ನೌಕರರಿಗೆ ಕೊಟ್ಟ ಫೋನು ಕಳೆದರೆ ದೂರದಿಂದಲೇ ಮುಚ್ಚೋಕೆ. ಅದನ್ನೇ ಸಾಲದವರು ಬಳಸಿಕೊಂಡರು. ರೀಸೆಟ್ ಹೊಡೆದು ಇಂಟರ್‌ನೆಟ್ ಸಿಕ್ಕ ಕೂಡಲೇ ಫೋನು ತನ್ನ ಗುರುತಿನ ನಂಬರ್ (ಐಎಂಇಐ) ಹೇಳುತ್ತೆ, ಅತ್ತಲಿನ ಸರ್ವರ್ ಲಾಕ್ ಹಾಕು ಅನ್ನುತ್ತೆ. ಅದಕ್ಕೇ ಮತ್ತೆ ಬಂತು.

ದುಡ್ಡು ಕಟ್ಟಿದ ರಸೀದಿಯ ಫೋಟೋ ಬೇರೆ ಫೋನಿನಲ್ಲಿ ತೆಗೆದಿಡು. ಸಾಲ ಕೊಟ್ಟ ಕಂಪನಿಯ ದೂರು ಅಧಿಕಾರಿಗೆ ಈಮೇಲಲ್ಲಿ ಬರೆ. ಬಾಯಿ ಮಾತಲ್ಲಿ ಹೇಳಿದರೆ ದಾಖಲೆ ಇರೋಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಅದಕ್ಕೆ ವಿಚಾರಿಸುವ ನಂಬರ್ 14448. ಅಂಗಡಿಯವರು ಮಾರುವಾಗ ಲಾಕ್ ವಿಷಯ ಮುಚ್ಚಿಟ್ಟಿದ್ದರೆ ಗ್ರಾಹಕ ಸಹಾಯವಾಣಿ 1915.

ಸಾಲ ತಗೊಂಡ ಮೇಲೆ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ಫೋನ್ ಅಂದರೆ ಕೂಲಿ ದುಡ್ಡು ಬರುವ ದಾರಿ, ಗ್ಯಾಸ್ ಬುಕ್ ಮಾಡುವ ದಾರಿ. ನಾಲ್ಕು ದಿನದ ತಡಕ್ಕೆ ಅದನ್ನೆಲ್ಲ ಒಟ್ಟಿಗೆ ಬಂದ್ ಮಾಡೋದು ನನಗೆ ವಸೂಲಿ ಅಂತ ಅನ್ನಿಸೋಲ್ಲ.

ಎಲ್ಲ ಕಂತೂ ತೀರಿದ ಮೇಲೆ ಒಂದು ಕೆಲಸ ಮರೀಬೇಡ. ಲಾಕ್ ಸ್ಕ್ರೀನಿನ ಕೆಳಗೆ 'ಈ ಸಾಧನವು ನಿಮ್ಮ ಸಂಸ್ಥೆಗೆ ಸೇರಿದೆ' ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ನೋಡು. ಇದ್ದರೆ ಯಜಮಾನ ಇನ್ನೂ ಮನೆ ಬಿಟ್ಟಿಲ್ಲ. ಸಾಲ ತೀರಿದ ಪತ್ರ ತಗೊಳ್ಳುವಾಗಲೇ ಅದನ್ನೂ ತೆಗೆಸು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2015ರ ಲ್ಯಾಪ್‌ಟಾಪ್ ಇದೆ, ಚೆನ್ನಾಗೇ ಓಡುತ್ತದೆ. ವಿಂಡೋಸ್ 10ರ ಕಾಲ ಮುಗಿಯಿತು, ಹೊಸದು ಕೊಳ್ಳಿ ಎನ್ನುತ್ತದೆ ಪರದೆ. ಅದರಲ್ಲಿ ಊರಿನ ಇತಿಹಾಸ ಅಂತ ಹದಿನೈದು ವರ್ಷದಿಂದ ನುಡಿಯಲ್ಲಿ ಟೈಪ್ ಮಾಡಿದ ಪುಟಗಳಿವೆ.
(ಸಾಗರ)

ಉತ್ತರ: ಮೇಷ್ಟ್ರೇ, ಲ್ಯಾಪ್‌ಟಾಪ್ ಕೆಟ್ಟಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡೋದು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. 2015ರ ಯಂತ್ರ ಆ ಗೆರೆಯ ಆಚೆ ಉಳಿಯುತ್ತದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಒಂದೋ 30 ಡಾಲರ್ ಕೊಡಬೇಕು, ಇಲ್ಲ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ನಿಮ್ಮ ಸೆಟ್ಟಿಂಗ್ಸನ್ನು ಅವರ ಕಡೆಗೆ ಕಳಿಸಲು ಒಪ್ಪಬೇಕು. ಪುಕ್ಕಟೆ ಅಂದರೂ ಬೆಲೆ ಇದ್ದೇ ಇದೆ, ಅಲ್ವಾ?

ನಾನಾದರೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕುತ್ತೇನೆ. ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಬಹುದು, ಒಳಗಿನ ಯಾವುದನ್ನೂ ಮುಟ್ಟಬೇಕಿಲ್ಲ. ಕನ್ನಡ ಟೈಪಿಂಗಿಗೆ ನುಡಿ ಮಾಡಿದ ಗಣಕ ಪರಿಷತ್ತಿನ ಕೀಬೋರ್ಡ್ ವಿನ್ಯಾಸವೇ ಅಲ್ಲೂ ಸಿಗುತ್ತದೆ, ನಿಮ್ಮ ಬೆರಳಿಗೆ ಹೊಸದಾಗಿ ಕಲಿಸಬೇಕಿಲ್ಲ.

ನನಗೆ ಹೆದರಿಕೆ ಇರುವುದು ನಿಮ್ಮ ಹದಿನೈದು ವರ್ಷದ ಪುಟಗಳ ಬಗ್ಗೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದದ್ದು ಕಂಪ್ಯೂಟರಿನ ಕಣ್ಣಿಗೆ ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ್ದು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಬರೀ ಗೀಚು ಕಾಣುತ್ತದೆ. ಇಲ್ಲಿ ಯಾವ ಕಂಪನಿಯೂ ಮೋಸ ಮಾಡಿಲ್ಲ. ಆದರೂ ನಿಮ್ಮ ಬರಹ ಒಂದು ಫಾಂಟಿನ ಹಂಗಿನಲ್ಲಿದೆ. ಎಲ್ಲ ಯಂತ್ರಕ್ಕೂ ಕನ್ನಡವೆಂದೇ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸುವ ಸಲಕರಣೆ ನುಡಿಯಲ್ಲೇ ಇದೆ. ಹಳೆ ವಿಂಡೋಸ್ ತೆಗೆಯುವ ಮೊದಲೇ ಎಲ್ಲವನ್ನೂ ಬದಲಿಸಿ, ಎರಡು ಪೆನ್‌ಡ್ರೈವಿಗೆ ಹಾಕಿ. ಅರ್ಕಾವತ್ತು ಮತ್ತು ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತವೆ, ಒಂದು ಸಲ ಕಣ್ಣಾಡಿಸಿ. ಒಂದು ಪೆನ್‌ಡ್ರೈವನ್ನು ಬೇರೆ ಮನೆಯಲ್ಲಿಡಿ. ನಮ್ಮ ಮಳೆಗಾಲದ ಸಿಡಿಲು ಗೊತ್ತಲ್ಲ.

ಪ್ರಶ್ನೆ: ತೋಟದ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಬೇಕು. ಆ್ಯಪಿನದು ಚಂದ ಕಾಣುತ್ತೆ. ತಗೊಳ್ಳಬಹುದಾ?
(ಹೊಸನಗರ)

ಉತ್ತರ: ಅಂಗಡಿಯವರನ್ನು ಒಂದೇ ಕೇಳಿ: ನಿಮ್ಮ ಕಂಪನಿ ಬಾಗಿಲು ಹಾಕಿದರೆ ಮೋಟರ್ ಆನ್ ಆಗುತ್ತಾ? ತಮಾಷೆಗೆ ಹೇಳ್ತಿಲ್ಲ. ಅಮೆರಿಕದಲ್ಲಿ ರಿವಾಲ್ವ್ ಅಂತ ಮನೆಯ ಲೈಟು ಗೀಟು ನಡೆಸುವ ಒಂದು ಡಬ್ಬಿ ಮಾರುತ್ತಿದ್ದರು. ಆ ಕಂಪನಿಯನ್ನು ಕೊಂಡ, ಗೂಗಲ್ ಬಳಗದ ನೆಸ್ಟ್ ಎಂಬ ಕಂಪನಿ 2016ರ ಮೇ ತಿಂಗಳಲ್ಲಿ ಆ ಡಬ್ಬಿಗಳನ್ನು ನಡೆಸುತ್ತಿದ್ದ ಸರ್ವರ್ ನಿಲ್ಲಿಸಿತು. ಸುಸ್ಥಿತಿಯಲ್ಲಿದ್ದ ಡಬ್ಬಿಗಳೆಲ್ಲ ಒಂದೇ ದಿನಕ್ಕೆ ಸತ್ತವು.

ಕಾಲ್ ಅಥವಾ ಎಸ್ಸೆಮ್ಮೆಸ್ಸಿಗೆ ಕೆಲಸ ಮಾಡುವ ಸಿಮ್ ಸ್ಟಾರ್ಟರ್ ತಗೊಳ್ಳಿ. ನಿಮ್ಮ ಕಡೆ ಡೇಟಾ ಸಿಗದ ಗುಡ್ಡದ ಬುಡದಲ್ಲೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಸಾಕು. ಡಬ್ಬಿಯ ಮೇಲೆ ಕೈಯಿಂದ ಒತ್ತುವ ಹಸಿರು, ಕೆಂಪು ಗುಂಡಿ ಇರಲೇಬೇಕು. ಹಣ ಕೊಡುವ ಮೊದಲು ಸಿಮ್ ತೆಗೆಸಿ, ಆ ಹಸಿರು ಗುಂಡಿ ಒತ್ತಿ ನೋಡಿ.